ಅತ್ತೆಯ ಹೆಸರಿಟ್ಟ ಹುಳು

ಶಿಗೆ ತನ್ನ ಸೊಸೆಯ ಆಟದ ಪೆಟ್ಟಿಗೆ ಕದ್ದಳು ಅಂತ ನಮ್ಮೂರು ಕುವಾನೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಕದಿಯುವುದಕ್ಕೂ ಒಂದಿಷ್ಟು ನಾಚಿಕೆ ಬೇಕು. ಅವಳು ಹಾಡಹಗಲೇ ಸೊಸೆಯ ಕೈಯಿಂದ ಕಿತ್ತುಕೊಂಡು, "ನೀನು ಹೋಗಿ ಅಕ್ಕಿ ತೊಳಿ, ಇದನ್ನ ನಾನು ನೋಡ್ಕೋತೀನಿ" ಅಂದಳು. ಆಗ ಅವಳಿಗೆ ಎಪ್ಪತ್ತಾರು ವರ್ಷ. ಸೊಸೆ ಚಿಹಾರು ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಬಂದು, ಕಾಲು ಚಾಚಿ, ಅರ್ಧ ಗಂಟೆ ಆಡಿಕೊಳ್ಳುತ್ತಿದ್ದ ಆಟ ಅದು. ಅಂಗೈಯಗಲದ ಪೆಟ್ಟಿಗೆ, ಪುಸ್ತಕದ ಹಾಗೆ ಬಿಡಿಸಿದರೆ ಎರಡು ಪರದೆ. ಅದರೊಳಗೆ ಕಾಡುಮೇಡು ಅಲೆದು ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಬೇರೆಯವರ ಪ್ರಾಣಿಗಳ ಮೇಲೆ ಕಾದಾಟಕ್ಕೆ ಬಿಡಬೇಕು.

ಶಿಗೆಗೆ ಆಟ ಗೀಟ ಬೇಕಿರಲಿಲ್ಲ. ಪರದೆಯ ಮೇಲೆ ಒಂದು ಹುಳು ಕಂಡಿತು, ಅಷ್ಟೆ. ಬೆಳ್ಳಗೆ, ಗುಂಡಗೆ, ಬೆನ್ನುದ್ದಕ್ಕೂ ಕೆಂಡದ ಚುಕ್ಕೆ. ಆಟದಲ್ಲಿ ಅದರ ಹೆಸರು ಕಿಡಿಹುಳು.

"ಇದಕ್ಕೆ ಸೊಪ್ಪು ಹಾಕಿದ್ಯೇನೇ?"

"ಅತ್ತೆ, ಅದು ಸೊಪ್ಪು ತಿನ್ನಲ್ಲ. ಕಾದಾಡುತ್ತೆ."

"ಹೊಟ್ಟೆಗಿಲ್ಲದೆ ಏನು ಕಾದಾಡುತ್ತೆ, ಪಾಪ? ತಾ ಇಲ್ಲಿ."

ಹುಳುವಿನ ವಿಷಯದಲ್ಲಿ ಶಿಗೆಗೆ ಎದುರು ಮಾತಾಡುವ ಗಂಡಸಾಗಲಿ ಹೆಂಗಸಾಗಲಿ ನಮ್ಮ ಊರಿನಲ್ಲಿಲ್ಲ. ಅಕಾಗಿ ಬೆಟ್ಟದಿಂದ ಇಳಿಯುವ ಒಣಗಾಳಿಗೂ ಈ ಸೀಮೆಯ ಹೆಂಗಸಿಗೂ ಎದುರು ನಿಲ್ಲಬಾರದು ಅನ್ನುವ ಮಾತು ಇಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಗಂಡಸರು ಗದ್ದೆ ಬದು ಅಂತ ಓಡಾಡಿಕೊಂಡಿದ್ದರು, ಮನೆ ನಡೆಸಿದ್ದು ಹೆಂಗಸರ ಕೈಯ ರೇಷ್ಮೆ. ಶಿಗೆ ಇಪ್ಪತ್ತಕ್ಕೆ ಮದುವೆಯಾಗಿ ಮೊಗಿ ಮನೆತನಕ್ಕೆ ಬಂದವಳು. ಬಂದ ದಿನವೇ ಅತ್ತೆ ಕುರಾ ಅವಳನ್ನು ಅಟ್ಟಕ್ಕೆ ಕರೆದುಕೊಂಡು ಹೋಗಿ ಹುಳುವಿನ ತಟ್ಟೆಗಳನ್ನು ತೋರಿಸಿ, "ಇವರು ಈ ಮನೆಯ ಯಜಮಾನರು. ನಿನ್ನ ಗಂಡ ಆಮೇಲೆ" ಅಂದಿದ್ದಳು. ಹುಳುವನ್ನು ನಾವು ಹುಳು ಅನ್ನುವುದಿಲ್ಲ, ಹುಳುರಾಯರು ಅನ್ನುತ್ತೇವೆ. ಹುಳುರಾಯರು ಬೆಳೆದ ಹಾಗೆ ಮನೆಯ ಜನ ಮೂಲೆಗೆ ಸರಿಯುತ್ತಿದ್ದರು. ಕೊನೆಯ, ಐದನೇ ಹಂತಕ್ಕೆ ಬಂದಾಗ ಶಿಗೆಯೂ ಗಂಡನೂ ಒಲೆಯ ಪಕ್ಕ, ಉಪ್ಪಿನಕಾಯಿ ಪೀಪಾಯಿಗೆ ಒರಗಿಕೊಂಡು ಮಲಗಿದ್ದು ಉಂಟು.

ವರ್ಷಕ್ಕೆ ನಾಲ್ಕು ಬೆಳೆ. ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಹೆಚ್ಚಬೇಕು, ಹಾಕಬೇಕು. ಹುಳು ಪೊರೆ ಬಿಡಲು ಜ್ವರಕ್ಕೆ ಕೂತರೆ ಉಸಿರು ಬಿಗಿಹಿಡಿದು ಕಾಯಬೇಕು. ಬೆಳೆದು ಹಣ್ಣಾದರೆ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಚೌಕಟ್ಟಿಗೆ ಬಿಡಬೇಕು. ಗೂಡು ಕಟ್ಟಿ ಮುಗಿದ ಮೇಲೆ ಇದೆಯಲ್ಲ, ಅದೇ ಗಂಡಾಂತರದ ಘಳಿಗೆ. ಒಳಗಿರುವುದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬಂದರೆ ಕಥೆ ಮುಗಿಯಿತು. ತೂತು ಬಿದ್ದ ಗೂಡಿನ ಎಳೆ ನೂರು ಕಡೆ ತುಂಡು. ಅದಕ್ಕೇ ಚಿಟ್ಟೆ ಬರುವ ಮೊದಲೇ ಆವಿಗಿಡಬೇಕು, ನೂಲು ತೆಗೆಯಬೇಕು, ಒಳಗೆ ಬೆಂದದ್ದನ್ನು ಕೊಳದ ಮೀನಿಗೆ ಹಾಕಬೇಕು. ಚಿಟ್ಟೆ ಹೊರಬಂದ ಮನೆ ಅಂದರೆ ಸೋಮಾರಿ ಸೊಸೆಯ ಮನೆ ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು.

ಶಿಗೆಯ ಬಾಳಿನಲ್ಲಿ ಹಾಗೆ ಆದದ್ದು ಒಂದೇ ಸಲ. ಮದುವೆಯಾದ ಮೊದಲ ಬೇಸಿಗೆ, ಅವಳ ತಾಯಿ ತೀರಿಕೊಂಡಳು. ಮಣ್ಣು ಮುಗಿಸಿ ನಾಲ್ಕನೇ ದಿನ ವಾಪಸು ಬಂದರೆ, ಅವಳ ಪಾಲಿನ ಒಂದು ತಟ್ಟೆಯ ಗೂಡುಗಳೆಲ್ಲ ತೂತು. ಆ ತಟ್ಟೆಯನ್ನು ಕುರಾ ಬೇಕೆಂದೇ ಮುಟ್ಟಿರಲಿಲ್ಲ. "ಅವಳ ತಟ್ಟೆ, ಅವಳ ಜವಾಬ್ದಾರಿ" ಅಂದಳಂತೆ. ಆಮೇಲೆ ಮೂವತ್ತು ವರ್ಷ, ಮನೆಗೆ ಯಾರೇ ಬರಲಿ, ಚಹಾ ಬಟ್ಟಲು ಕೈಗೆ ಕೊಡುತ್ತ, "ನಮ್ಮ ಸೊಸೆ ತವರಿಗೆ ಹೋಗಿದ್ಲು ನೋಡಿ, ಗೂಡೆಲ್ಲ ತೂತು" ಅಂತ ಶುರು ಮಾಡುತ್ತಿದ್ದಳು. ತವರಿಗೆ ಯಾಕೆ ಹೋಗಿದ್ದಳು ಅನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ. ಶಿಗೆ ಆ ವರ್ಷದಿಂದ ಬೆಳೆ ನಿಲ್ಲಿಸಿದ ವರ್ಷದವರೆಗೆ ಒಂದೇ ಒಂದು ಚಿಟ್ಟೆಯನ್ನು ಹೊರಗೆ ಬರಲು ಬಿಡಲಿಲ್ಲ. ಛಲ ಅಂದರೆ ಅದು.

ಈಗ ರೇಷ್ಮೆ ಹೋಗಿ ಹದಿನೈದು ವರ್ಷ. ಕುರಾ ತೊಂಬತ್ತೈದು ತುಂಬಿಸಿ ಹೋದಳು. ಗಂಡನೂ ಹೋದ. ಅಟ್ಟದಲ್ಲಿ ಖಾಲಿ ತಟ್ಟೆಗಳು ಉಳಿದವು. ಅಂಥ ಹೊತ್ತಿನಲ್ಲಿ ಕಿಡಿಹುಳು ಬಂತು. ಹುಳುವಿಗೆ ಏನು ಹೆಸರಿಡುತ್ತೀರಿ ಅಂತ ಪೆಟ್ಟಿಗೆ ಕೇಳಿದಾಗ ಶಿಗೆ ಒಂದು ಚೂರೂ ಯೋಚಿಸಲಿಲ್ಲ.

"ಕುರಾ ಅಂತ ಹಾಕೇ."

"ಅಯ್ಯಯ್ಯೋ! ಅಜ್ಜಿ ಹೆಸರಾ?" ಚಿಹಾರು ಬಾಯಿ ಮುಚ್ಚಿಕೊಂಡಳು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹಾಕು."

ಅಂದಿನಿಂದ ಆ ಮನೆಯಲ್ಲಿ ಕೇಳಬಾರದ್ದೆಲ್ಲ ಕೇಳತೊಡಗಿತು. "ಕುರಾ, ಕಚ್ಚು!" "ಕುರಾ, ಮುಂದೆ ಹೋಗು, ಹೆದರ್ಕೋತೀಯಾ ಮುದುಕಿ?" "ಕುರಾ, ಇವತ್ತಿಗೆ ಸಾಕು, ಚೀಲದೊಳಗೆ ಬಿದ್ಕೋ!" ಸಂಜೆ ಪೂಜೆಯ ಗೂಡಿನಲ್ಲಿ ಅತ್ತೆಯ ಪಟದ ಮುಂದೆ ಅನ್ನದ ಬಟ್ಟಲಿಟ್ಟು, ಊದುಬತ್ತಿ ಹಚ್ಚಿ, ಕೈಮುಗಿದು ವರದಿ ಒಪ್ಪಿಸುತ್ತಿದ್ದಳು: "ಅತ್ತೆ, ಇವತ್ತು ನಿಮ್ಮನ್ನ ಗುಹೆಗೆ ಕರ್ಕೊಂಡು ಹೋಗಿದ್ದೆ. ಬಾವಲಿ ಕೈಲಿ ಚೆನ್ನಾಗಿ ಒದೆ ತಿಂದ್ರಿ. ನಾಳೆ ಮತ್ತೆ ಹೋಗೋಣ." ಪಟದಲ್ಲಿ ಕುರಾ ಎಂದಿನ ಹಾಗೆ ತುಟಿ ಬಿಗಿದುಕೊಂಡು ಕೂತಿದ್ದಳು.

ಪೆಟ್ಟಿಗೆ ಊರಿನ ಸಭಾಮನೆಗೂ ಬಂತು. ಮುದುಕರ ಸಂಘ ಅಲ್ಲಿ ಚಹಾ, ಉಪ್ಪು ಮೂಲಂಗಿ ಇಟ್ಟುಕೊಂಡು ಕೂರುತ್ತದೆ. ಹೊರಗಿನ ಅಂಗಳದಲ್ಲಿ ಗೇಟ್‌ಬಾಲ್ ಆಡುತ್ತದೆ, ಅಂದರೆ ಕೋಲಿನಿಂದ ಚೆಂಡನ್ನು ಕಮಾನಿನೊಳಗೆ ತೂರಿಸುವ ಆಟ. ಆ ಗೇಟ್‌ಬಾಲ್ ತಂಡದ ನಾಯಕ ಕ್ಷೌರದ ತೊಕಿಜೋ. ಶಿಗೆಯ ಓರಗೆಯವನು, ಶಾಲೆಯಲ್ಲಿ ಅವಳ ಹಿಂದಿನ ಬೆಂಚು. ಬೇರೆಯವರ ಕೈಯಲ್ಲಿ ಹೊಸದೇನಾದರೂ ಕಂಡರೆ ಅವನ ಹೊಟ್ಟೆ ತಡೆಯುವುದಿಲ್ಲ. ಎಂಟು ದಿನದೊಳಗೆ ಅವನೂ ಒಂದು ಪೆಟ್ಟಿಗೆ ತಂದ. ತಿಂಗಳಲ್ಲಿ ಕಲ್ಲಾಮೆ ಅನ್ನುವ ಒಂದು ಬಂಡೆಯಂಥ ಪ್ರಾಣಿಯನ್ನು ಸಾಕಿ, ಕೂದಲು ಕತ್ತರಿಸಿಕೊಳ್ಳಲು ಬಂದವರಿಗೆಲ್ಲ ತೋರಿಸುತ್ತಿದ್ದ. ಕತ್ತರಿ ಕಿವಿಯ ಪಕ್ಕದಲ್ಲಿರುವಾಗ ಯಾರು ತಾನೇ ಹೊಗಳದೆ ಇರುತ್ತಾರೆ?

ಆ ಅಂಗಳದ ಅಂಚಿಗೆ ಏಳು ಹಿಪ್ಪುನೇರಳೆ ಮರಗಳಿದ್ದವು. ಊರಿನ ತೋಟಗಳೆಲ್ಲ ಹೋಗಿ ಉಳಿದಿದ್ದು ಆ ಏಳು. ಬೆಳೆ ಇದ್ದಷ್ಟು ವರ್ಷ ಶಿಗೆ ಅವುಗಳಿಂದಲೂ ಸೊಪ್ಪು ಕೊಯ್ದಿದ್ದಳು. ಈಗಲೂ ಪ್ರತಿ ಚಳಿಗಾಲ ತಾನೇ ಏಣಿ ಹಾಕಿ ಕೊಂಬೆ ಸವರುತ್ತಿದ್ದಳು. ಯಾಕೆ ಅಂತ ಕೇಳಿದರೆ ಬೈಯುತ್ತಿದ್ದಳು. ತೊಕಿಜೋಗೆ ಆ ಮರಗಳೆಂದರೆ ಕಣ್ಣಿಗೆ ಕಸ. ಹಣ್ಣು ಬಿದ್ದು ಅಂಗಳವೆಲ್ಲ ನೇರಳೆ, ಚೆಂಡು ಬೇರಿಗೆ ತಾಗಿ ಅಡ್ಡ ಹೋಗುತ್ತದೆ, ಪಕ್ಕದೂರಿನ ತಂಡದ ಎದುರು ಮೂರು ವರ್ಷದಿಂದ ಸೋಲು.

ಫೆಬ್ರವರಿಯ ಒಂದು ಮಧ್ಯಾಹ್ನ ಅವನು ಸಭೆಯಲ್ಲಿ ಎದ್ದುನಿಂತು, "ಮರ ಕಡಿದು ಅಂಗಳ ಅಗಲ ಮಾಡೋಣ" ಅಂದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿನ್ನ ಕೋಲು ಡೊಂಕು ಕಣೋ, ಮರ ಅಲ್ಲ" ಅಂದಳು ಶಿಗೆ.

"ಹುಳುವೇ ಇಲ್ಲ, ಸೊಪ್ಪು ಯಾಕೆ ನಿಂಗೆ? ಪೆಟ್ಟಿಗೆಯಲ್ಲಿರೋ ಆ ಹುಳಕ್ಕಾ? ನಿನ್ನ ಕುರಾನ ನನ್ನ ಆಮೆ ಒಂದು ಕಾಲಲ್ಲಿ ಹೊಸಕಿ ಹಾಕುತ್ತೆ."

"ಹಾಕಲಿ ನೋಡೋಣ. ನಾನು ಗೆದ್ರೆ ಮರ ಮುಟ್ಟೋ ಹಾಗಿಲ್ಲ. ಪ್ರತಿ ಬೇಸಿಗೆ ಬಿದ್ದ ಹಣ್ಣೆಲ್ಲ ನೀನೇ ಗುಡಿಸ್ಬೇಕು."

"ನಾನು ಗೆದ್ರೆ?"

ಶಿಗೆ ಒಂದು ಗುಟುಕು ಚಹಾ ಕುಡಿದಳು. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವ ಅಭ್ಯಾಸ ಅವಳಿಗೆ ಯಾವತ್ತೂ ಇಲ್ಲ. "ಮೊದಲ ಕೊಡಲಿ ಏಟು ನಾನೇ ಹಾಕ್ತೀನಿ."

ಬರುವ ಭಾನುವಾರ ಮಧ್ಯಾಹ್ನ, ಮೂರು ಸುತ್ತು, ಎರಡು ಗೆದ್ದವರು ಗೆದ್ದ ಹಾಗೆ, ಅಂತ ತೀರ್ಮಾನವಾಯಿತು.

ಗುಟ್ಟು ಹೊರಬಿದ್ದದ್ದು ಗುರುವಾರ. ಚಿಹಾರು ಒಲೆಯ ಮುಂದೆ ಕುಂಬಳಕಾಯಿ ಹಾಕಿ ಅಗಲ ಶಾವಿಗೆಯ ಸಾರು ಕುದಿಸುತ್ತಿದ್ದಳು. ಶಿಗೆ ಪಕ್ಕದಲ್ಲಿ ಕೂತು ಕುರಾಳನ್ನು ಪಳಗಿಸುತ್ತಿದ್ದಳು. ಒಂದು ಕಾದಾಟ ಗೆದ್ದಿತು. ಹುಳು ಒಂದು ಮೆಟ್ಟಿಲು ಬೆಳೆಯಿತು. ಬಾಯಿಂದ ಎಳೆ ಬಿಟ್ಟು ಮೈಸುತ್ತ ಹೊಂಬಣ್ಣದ ಗೂಡು ಕಟ್ಟಿತು. ಗೂಡು ಅಲುಗಾಡತೊಡಗಿತು. ಶಿಗೆಯ ಹೆಬ್ಬೆರಳು ಟಪ್ಪನೆ ಒಂದು ಗುಂಡಿ ಒತ್ತಿತು. ಗೂಡು ಮಾಯವಾಗಿ ಮತ್ತೆ ಹುಳು.

"ಅತ್ತೆ! ಏನು ಮಾಡಿದ್ರಿ?"

"ತಡೆದೆ." ಶಿಗೆ ಹೆಮ್ಮೆಯಿಂದ ತಲೆ ಎತ್ತಿದಳು. "ಹದಿನೇಳನೇ ಸಲ. ಬಲು ತುಂಟು ಆಟ ಕಣೇ ಇದು. ಸ್ವಲ್ಪ ಮೈಮರೆತರೆ ಸಾಕು, ಗೂಡು ತೂತು ಮಾಡಿಬಿಡುತ್ತೆ. ನನ್ನ ಹತ್ರ ನಡೆಯಲ್ಲ."

ಚಿಹಾರು ಸೌಟು ಹಿಡಿದವಳು ಹಾಗೇ ನಿಂತಳು. ಅವಳು ಕಡಲ ಕಡೆಯವಳು, ಮೀನು ಒಣಗಿಸುವವರ ಮಗಳು. ಗೂಡು ತೂತಾದರೆ ಮಾನ ಹೋಗುತ್ತದೆ ಅನ್ನುವುದು ಅವಳಿಗೆ ಎಲ್ಲಿಂದ ಗೊತ್ತಿರಬೇಕು?

"ಅಯ್ಯೋ ನನ್ನ ದೇವರೇ! ಅದು ಹೊರಗೆ ಬರ್ಬೇಕು ಅತ್ತೆ! ಈ ಆಟದಲ್ಲೇ ದೊಡ್ಡದು ಅದು, ಬೆಂಕಿಪತಂಗ. ರೆಕ್ಕೆ ಬಡಿದ್ರೆ ಬೆಂಕಿ ಮಳೆ! ನೀವು ತಿಂಗಳುಗಟ್ಟಲೆ ಅದನ್ನ ಹುಳುವಾಗೇ ಇಟ್ಟಿದ್ದೀರಲ್ಲ!"

"ಹೊರಗೆ ಬಂದ್ರೆ ನೂಲು?"

"ಯಾರಿಗೆ ಬೇಕು ನೂಲು?"

ಶಿಗೆಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಲವತ್ತು ವರ್ಷ ಯಾವುದಕ್ಕಾಗಿ ಬೆನ್ನು ಬಾಗಿಸಿದ್ದಳೋ ಅದನ್ನು ಈ ಹುಡುಗಿ ಸೌಟು ಬೀಸುತ್ತ ಕೇಳಿಬಿಟ್ಟಳು, ಯಾರಿಗೆ ಬೇಕು ಅಂತ. "ನನ್ನ ಮನೆಯಲ್ಲಿ ಚಿಟ್ಟೆ ಹೊರಗೆ ಬರಲ್ಲ" ಅಂದಳು.

"ಹುಳುವಾಗೇ ಇದ್ರೆ ಭಾನುವಾರ ಸೋಲ್ತೀರಿ. ಕೊಡಲಿ ಯಾರು ಹಿಡೀತಾರೆ?"

"ನಾನೇ ಹಿಡೀತೀನಿ. ನಿನ್ನ ಸಾರು ತಳ ಹಿಡೀತಿದೆ, ಅದನ್ನ ನೋಡು."

ಮೂರು ದಿನ ಅತ್ತೆ ಸೊಸೆ ಮಾತಾಡಲಿಲ್ಲ. ಶಿಗೆಯ ಮಗ ಲಾರಿ ಓಡಿಸಿಕೊಂಡು ಬಂದವನು, ಮನೆಯ ಗಾಳಿ ನೋಡಿ, ಸದ್ದಿಲ್ಲದೆ ಮತ್ತೆ ಲಾರಿ ಹತ್ತಿದ.

ಭಾನುವಾರ ಸಭಾಮನೆ ಕಿಕ್ಕಿರಿದಿತ್ತು. ಎಲ್ಲ ಶಿಗೆಯ ಜೊತೆಯವರೇ, ಸೊಪ್ಪು ಹೊತ್ತು ಬೆನ್ನು ಬಾಗಿದ ಹೆಂಗಸರು. ಎಲ್ಲರಿಗಿಂತ ಹಿರಿಯಳು ತೊಂಬತ್ತೊಂದರ ಇಸೆ ಅಜ್ಜಿ, ಕೆಂಡದ ಒಲೆಯ ಪಕ್ಕ, ಕೆಟಲ್ ಪಕ್ಕ. ಚಿಹಾರು ಸಿಟ್ಟಿದ್ದರೂ ಬಂದು ಬಾಗಿಲ ಹತ್ತಿರ ಕೂತಳು. ತೊಕಿಜೋ ತಲೆಗೆ ಎಣ್ಣೆ ಹಚ್ಚಿ, ಗೇಟ್‌ಬಾಲ್ ಸಂಘದ ಟೋಪಿ ಹಾಕಿ ಬಂದಿದ್ದ.

ಮೊದಲ ಸುತ್ತು ಮುಗಿಯಲು ಒಂದು ಮೂಲಂಗಿ ಚೂರು ಅಗಿಯುವಷ್ಟು ಹೊತ್ತೂ ಆಗಲಿಲ್ಲ. ಕಲ್ಲಾಮೆ ಕಾಲೆತ್ತಿತು, ಇಟ್ಟಿತು, ಕುರಾ ಚಪ್ಪಟೆ. "ಪಾಪ ಕುರಾ, ಬದುಕಿದ್ದಾಗ ಇಷ್ಟು ಬೇಗ ಸುಮ್ಮನಾದವಳಲ್ಲ" ಅಂದಳು ಇಸೆ ಅಜ್ಜಿ. ಎಲ್ಲರೂ ನಕ್ಕರು. ಶಿಗೆ ಮಾತ್ರ ನಗಲಿಲ್ಲ. ಕಿಟಕಿಯಾಚೆ ಏಳು ಮರಗಳ ಬೋಳು ಕೊಂಬೆಗಳು ಗಾಳಿಗೆ ಬಡಿದಾಡುತ್ತಿದ್ದವು.

ಎರಡನೇ ಸುತ್ತಿಗೆ ಅವಳು ಹುಳುವಿನ ಬುದ್ಧಿ ಹಿಡಿದಳು. ಕಚ್ಚಲು ಹೋಗಲೇ ಇಲ್ಲ. ಎಳೆ ಬಿಡು, ಎಳೆ ಬಿಡು, ಮತ್ತೆ ಎಳೆ ಬಿಡು. ಆಮೆಯ ಕಾಲಿಗೆ, ಕುತ್ತಿಗೆಗೆ, ಚಿಪ್ಪಿಗೆ ಸುತ್ತಿ ಸುತ್ತಿ, ಅದು ಅಲ್ಲಾಡದ ಹಾಗೆ ಕಟ್ಟಿ, ಆಮೇಲೆ ಎಲೆ ತಿನ್ನುವ ಹಾಗೆ ಅಂಚಿನಿಂದ ಚೂರು ಚೂರೇ ಕಡಿಯುತ್ತ ಹೋಯಿತು ಕುರಾ. ಇಪ್ಪತ್ತು ನಿಮಿಷ. "ಇದು ಯುದ್ಧ ಅಲ್ಲ, ಊಟ!" ಅಂತ ತೊಕಿಜೋ ಕಿರುಚಾಡಿದ. ಆಮೆ ಮಗುಚಿಬಿತ್ತು. ಹೆಂಗಸರು ಚಪ್ಪಾಳೆ ಹೊಡೆದರು. ಒಂದಕ್ಕೆ ಒಂದು.

ಗೆದ್ದ ಹುಳು ಒಂದು ಮೆಟ್ಟಿಲು ಬೆಳೆಯಿತು. ಎಳೆ ಬಂತು. ಗೂಡು ಬಂತು. ಗೂಡು ಅಲುಗಾಡಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು: ಕುರಾ ಹೊರಗೆ ಬರುತ್ತಿದ್ದಾಳೆ.

ಆಗ ನಡೆದದ್ದನ್ನು ನಮ್ಮ ಊರು ಇನ್ನೂ ಹೇಳಿಕೊಂಡು ನಗುತ್ತದೆ. ಸುತ್ತ ಬಗ್ಗಿ ನೋಡುತ್ತಿದ್ದ ಅಷ್ಟೂ ಮುದುಕಿಯರು ಒಟ್ಟಿಗೆ ಬೊಬ್ಬೆ ಹಾಕಿದರು.

"ಶಿಗೆ! ಹೊರಗೆ ಬರ್ತಿದೆ! ಒತ್ತು, ಒತ್ತು!"

"ತೂತು ಬೀಳುತ್ತೇ!"

"ಆವಿಗಿಡ್ರೇ ಬೇಗ, ನೀರು ಕಾದಿದ್ಯಾ?" ಅಂತ ಇಸೆ ಅಜ್ಜಿ ಎರಡು ಕೈಯಲ್ಲೂ ಕುದಿಯುವ ಕೆಟಲ್ ಎತ್ತಿಕೊಂಡು ಎದ್ದೇಬಿಟ್ಟಳು. ಅವಳನ್ನು ಹಿಡಿದು ಕೂರಿಸಲು ಇಬ್ಬರು ಬೇಕಾಯಿತು.

ತಮಾಷೆ ಅಂದರೆ, ಎಲ್ಲರಿಗಿಂತ ಜೋರಾಗಿ ಕೂಗಿದವನು ತೊಕಿಜೋ. ಅವಳು ತನ್ನ ಎದುರಾಳಿ ಅನ್ನುವುದನ್ನೇ ಮರೆತಿದ್ದ. ಅವನೂ ಹುಳುವಿನ ಮನೆಯಲ್ಲೇ ಹುಟ್ಟಿದವನಲ್ಲವೇ? "ಒತ್ತೇ ಮಾರಾಯ್ತಿ, ಮಾನ ಹೋಗುತ್ತೆ!"

ಬಾಗಿಲಿನಿಂದ ಚಿಹಾರು ಒಬ್ಬಳೇ, "ಬಿಡಿ ಅತ್ತೆ! ಬಿಟ್ಟುಬಿಡಿ!" ಅಂದಳು.

ಶಿಗೆಯ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದರೆ ಮಾನ ಉಳಿಯುತ್ತದೆ, ಮರ ಹೋಗುತ್ತದೆ. ಆದರೆ ಆ ಕ್ಷಣ ಅವಳು ಮರವನ್ನೂ ನೆನೆಯಲಿಲ್ಲ. ಇಷ್ಟು ವರ್ಷ ಈ ಕೈಯಿಂದ ಅದೆಷ್ಟು ಲಕ್ಷ ಹುಳು ಸಾಕಿದೆ, ಒಂದಾದರೂ ತಾನೇನು ಆಗಬೇಕಿತ್ತೋ ಅದು ಆಗುವುದನ್ನು ನಾನು ನೋಡಲಿಲ್ಲವಲ್ಲ ಅನ್ನಿಸಿತು. ತಾಯಿ ಸತ್ತಾಗ ತೂತಾದ ತಟ್ಟೆಯಲ್ಲೂ ಬರೀ ತೂತು ನೋಡಿದಳು, ಹೊರಬಂದ ಚಿಟ್ಟೆಗಳನ್ನು ಅಳುತ್ತ ಗುಡಿಸಿ ಕೊಳಕ್ಕೆ ಹಾಕಿದ್ದಳು. ಹೆಬ್ಬೆರಳು ತೆಗೆದಳು. ಅದು ಮತ್ತೆ ತಾನಾಗಿ ಹೋಗಿ ಒತ್ತೀತು ಅನ್ನುವ ಭಯಕ್ಕೆ ಆ ಕೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತಳು.

"ಬನ್ನಿ ಅತ್ತೆ" ಅಂದಳು. "ಬನ್ನಿ, ಬನ್ನಿ."

ಗೂಡು ಬಿರಿಯಿತು. ಮೊದಲು ಬೆಳಕು ಬಂತು, ಆಮೇಲೆ ರೆಕ್ಕೆ. ನಾಲ್ಕು ರೆಕ್ಕೆ, ಅಂಚಿಗೆಲ್ಲ ಉರಿ, ಒಂದೊಂದು ಬಡಿತಕ್ಕೂ ಕಿಡಿ ಉದುರುತ್ತಿತ್ತು. ಎರಡು ಪುಟ್ಟ ಪರದೆಯಲ್ಲಿ ಅದು ಹಿಡಿಸಲಿಲ್ಲ. ಇಸೆ ಅಜ್ಜಿ, "ಒಳಗೆ ಕುರಾ ಇಷ್ಟು ಚೆನ್ನಾಗಿದ್ಲೇನೇ?" ಅಂದಳು.

ಶಿಗೆ ಅಳುತ್ತಿದ್ದಳು, ಮೂಗು ಸೊರಸೊರ ಅನ್ನಿಸುತ್ತ. ತೊಕಿಜೋ, "ಅಳೋದಾದ್ರೆ ಆಮೇಲೆ ಅಳು, ಮೂರನೇ ಸುತ್ತಿದೆ" ಅಂದ, ಟೋಪಿಯ ಅಂಚನ್ನು ಕಣ್ಣಿನವರೆಗೆ ಎಳೆದುಕೊಳ್ಳುತ್ತ.

ಮೂರನೇ ಸುತ್ತಿನಲ್ಲಿ ಹೇಳುವುದಕ್ಕೇನಿಲ್ಲ. ಪತಂಗ ಒಂದು ಸಲ ರೆಕ್ಕೆ ಬಡಿಯಿತು. ಪರದೆಯೆಲ್ಲ ಕೆಂಪಾಯಿತು. ಕೆಂಪು ಇಳಿದಾಗ ಆಮೆ ನಾಲ್ಕು ಕಾಲೂ ಮೇಲೆ ಮಾಡಿ ಬಿದ್ದಿತ್ತು. ತೊಕಿಜೋ ಟೋಪಿ ತೆಗೆದು ಚಾಪೆಗೆ ಹಣೆ ಮುಟ್ಟಿಸಿದ.

"ಪೊರಕೆ ಎಲ್ಲಿದೆ ಗೊತ್ತಲ್ಲ?" ಅಂದಳು ಶಿಗೆ.

"ಹಣ್ಣು ಬೀಳೋದು ಜೂನ್‌ನಲ್ಲಿ ಕಣೇ!"

"ಅಭ್ಯಾಸ ಈಗಿಂದಲೇ ಇರಲಿ."

"ಇನ್ನೊಂದ್ಸಲ ತೋರ್ಸೇ, ಗೂಡಿಂದ ಬರೋದನ್ನ" ಅಂತ ಹೆಂಗಸರು ದುಂಬಾಲು ಬಿದ್ದರು. ಆಗಲ್ಲ, ಅದು ಒಂದೇ ಸಲ, ಅಂದಳು ಚಿಹಾರು. ಮುಖಗಳೆಲ್ಲ ಸಪ್ಪಗಾದವು. ಶಿಗೆ ಕಿಟಕಿಯ ಕಡೆ ನೋಡಿದಳು, ಆಮೇಲೆ ಸೊಸೆಯ ಕಡೆ. ಮೂರು ದಿನದ ಮೇಲೆ ಆಡಿದ ಮೊದಲ ಮಾತು: "ನಿಮ್ಮ ಶಾಲೆಯ ಮಕ್ಕಳು ಹುಳು ಸಾಕ್ತಾರಂತಲ್ಲ. ಮೊಟ್ಟೆ ಮಿಗುತ್ತಾ?"

ಮಿಕ್ಕಿತು. ಮೇ ತಿಂಗಳಲ್ಲಿ ಚಿಹಾರು ಮೂರನೇ ತರಗತಿಯವರಿಂದ ಮುನ್ನೂರು ಮೊಟ್ಟೆ ಕಾಗದದಲ್ಲಿ ಕಟ್ಟಿಸಿಕೊಂಡು ಬಂದಳು. ಅಟ್ಟದಿಂದ ಒಂದೇ ಒಂದು ತಟ್ಟೆ ಇಳಿಯಿತು. ಏಳು ಮರದ ಸೊಪ್ಪು ಮನೆಗೆ ಬಂತು, ಹೊತ್ತು ತಂದವನು ತೊಕಿಜೋ. ನಾಲ್ಕು ಜ್ವರ ಕಳೆಯಿತು, ಹುಳುರಾಯರು ಹಣ್ಣಾದರು, ಗೂಡು ಕಟ್ಟಿದರು. ಆವಿಗಿಡುವ ದಿನ ಬಂತು, ಹೋಯಿತು. ಶಿಗೆ ಅಂದು ಒಲೆ ಹಚ್ಚಲಿಲ್ಲ. ಸುಮ್ಮನೆ ಕೂತಿರಲು ಆಗದೆ ಮೂರು ಸಲ ಅಂಗಳ ಗುಡಿಸಿದಳು.

ಜೂನ್ ಕೊನೆಯ ಒಂದು ಬೆಳಿಗ್ಗೆ, ಬಿಸಿಲು ಬರುವ ಹೊತ್ತಿಗೆ, ಮೊಗಿಯವರ ನಡುಮನೆಯಲ್ಲಿ ಇಡೀ ಸಂಘ ತಟ್ಟೆಯ ಸುತ್ತ ಮಂಡಿಯೂರಿ ಕೂತಿತ್ತು. ಒಂದು ಗೂಡಿನ ತುದಿ ಒದ್ದೆಯಾಯಿತು. ಎಳೆ ಸರಿಯಿತು. ಒಂದು ಪುಟ್ಟ ತಲೆ, ಕಪ್ಪು ಕಣ್ಣು, ಆಮೇಲೆ ಮುದುಡಿದ, ಒದ್ದೆ, ಹಾಲುಬಣ್ಣದ ಒಂದು ಚಿಟ್ಟೆ ಹೊರಗೆ ಬಂದು, ತೂರಾಡಿ, ಗೂಡನ್ನೇ ಹಿಡಿದುಕೊಂಡು ನಿಂತಿತು. ಅಷ್ಟು ವರ್ಷ ಅಷ್ಟು ಹುಳು ಸಾಕಿದ ಕೈಗಳೆಲ್ಲ ತೊಡೆಯ ಮೇಲೆ ಸುಮ್ಮನಿದ್ದವು. ಶಿಗೆ ಮೂಗು ತಟ್ಟೆಗೆ ತಾಗುವಷ್ಟು ಬಗ್ಗಿದ್ದಳು.

ತೊಕಿಜೋ ಪೊರಕೆ ಊರಿಕೊಂಡು ಹಿಂದಿನಿಂದ ಇಣುಕಿದ. "ಇಷ್ಟೇನಾ? ಎಲ್ಲೇ ಬೆಂಕಿ?"

"ತಾಳೋ ಮಾರಾಯ" ಅಂದಳು ಶಿಗೆ, ಕಣ್ಣು ಕೀಳದೆ. "ಹುಟ್ಟಿ ಇನ್ನೂ ಐದು ನಿಮಿಷ ಆಗಿಲ್ಲ."